ಏಳು ದೇಶದ ನೀರು, ಒಬ್ಬ ಮೇಸ್ತ್ರಿ

ಆ ದಿನ ಬೆಳಿಗ್ಗೆ ಪೈಪ್ ಮೇಸ್ತ್ರಿ ಕನ್ನಡಿಯ ಮುಂದೆ ನಿಂತು, ತಲೆ ಬಾಚಿಕೊಂಡು, ಇಡೀ ಮನೆಗೆ ಕೇಳಿಸುವಂತೆ ಒಂದು ಪ್ರತಿಜ್ಞೆ ಮಾಡಿದರು. ಇಂದು ಸಂಜೆಯ ತನಕ ತಾನು ಒಂದು ನಲ್ಲಿಯನ್ನೂ ಮುಟ್ಟುವುದಿಲ್ಲ, ಒಂದು ಪೈಪಿಗೂ ಕಿವಿಗೊಡುವುದಿಲ್ಲ, ಎಲ್ಲಾದರೂ ನೀರು ಸೋರುತ್ತಿದ್ದರೆ ಸೋರಲಿ, ಸೋರಿ ಸೋರಿ ಸಮುದ್ರವೇ ಆಗಲಿ, ತಾನು ಮುಖವನ್ನು ಆ ಕಡೆ ತಿರುಗಿಸಿ ಹೂವು ನೋಡುತ್ತೇನೆ!

ಇಡೀ ಮನೆ ಎಂದರೆ ಆಗ ಮನೆಯಲ್ಲಿದ್ದದ್ದು ಅವರ ಹೆಂಡತಿ ಒಬ್ಬರೇ. ಬೀದಿಯವರೆಲ್ಲ ಅವರನ್ನು ಮೇಸ್ತ್ರಮ್ಮ ಎನ್ನುತ್ತಿದ್ದರು. ಗಂಡನ ಬೂಟಿಗೆ ಹೊಸ ಲೇಸು ಪೋಣಿಸುತ್ತ ಕುಳಿತಿದ್ದ ಮೇಸ್ತ್ರಮ್ಮ ತಲೆಯನ್ನೂ ಎತ್ತಲಿಲ್ಲ.

"ಜೇಬು ತೋರಿಸಿ," ಎಂದರು.

ಜೇಬಿನಿಂದ ಒಂದು ಇಕ್ಕಳ, ಎರಡು ವಾಷರು, ಅರ್ಧ ಸುತ್ತು ಟೇಪು ಹೊರಬಂದವು. ಇನ್ನೊಂದು ಜೇಬಿನಿಂದ ಮೊಳೆ. ಕಾಲುಚೀಲ ಕೆಳಗೆ ಎಳೆಸಿದರೆ ಅಲ್ಲೊಂದು ನಟ್ಟು ಬಿಗಿಯುವ ಪುಟ್ಟ ಪಾನ. ಅದು ಅಲ್ಲಿಗೆ ಹೇಗೆ ಹೋಯಿತೋ ತನಗೇ ತಿಳಿಯದು ಎಂದು ಮೇಸ್ತ್ರಿ ಆಶ್ಚರ್ಯಪಟ್ಟರು. ಮೇಸ್ತ್ರಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ನಲವತ್ತೆರಡು ವರ್ಷದಿಂದ ಆ ಕಾಲುಚೀಲ ಒಗೆದವರು ಅವರೇ ತಾನೆ.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳಿದರೆ, ಮೇಸ್ತ್ರಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಆದರೆ ಕೈ ನಿವೃತ್ತಿಯಾಗಿರಲಿಲ್ಲ. ತಂಗಿಯ ಮಗಳ ಮದುವೆಯಲ್ಲಿ ತೆಗೆದ ಮನೆಯವರ ಫೋಟೋದಲ್ಲಿ ಮೇಸ್ತ್ರಿಯ ಮುಖ ಇಲ್ಲ. ಹಿಂದುಗಡೆ ಕೈತೊಳೆಯುವ ಬೇಸಿನ್ನಿನ ಕೆಳಗಿನಿಂದ ಚಾಚಿಕೊಂಡ ಎರಡು ಕಾಲುಗಳಿವೆ, ಅವು ಅವರವೇ. ಅದಕ್ಕೂ ಮೊದಲು, ಮೇಸ್ತ್ರಮ್ಮ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ಇವರು ವಾರ್ಡಿನ ಬಿಸಿನೀರಿನ ಹಂಡೆ ಬಿಚ್ಚಿ ಕುಳಿತಿದ್ದರು. ನರ್ಸು ಓಡಿ ಬಂದು ಹೆಣ್ಣುಮಗು ಬಂತು ಎಂದಳಂತೆ. ಇವರು, ಬಿಸಿನೀರೂ ಬಂತು ಎಂದರಂತೆ. ಆ ಮಗುವಿಗೆ ಈಗ ಎರಡು ಮಕ್ಕಳು. ಆದರೂ ಮೇಸ್ತ್ರಮ್ಮ ಆ ಮಾತನ್ನು ಮರೆತಿಲ್ಲ, ಯಾರಿಗೂ ಮರೆಯಗೊಟ್ಟಿಲ್ಲ.

ಆದರೆ ಈ ದಿನದ ಮಾತೇ ಬೇರೆ. ಈ ದಿನ ಮೇಸ್ತ್ರಮ್ಮನದು.

ಊರಿನ ಆಚೆ ತುದಿಯಲ್ಲಿ ಒಂದು ದೊಡ್ಡ ತೋಟವಿತ್ತು. ಮಾಮೂಲಿ ಪಾರ್ಕಲ್ಲ. ಒಂದೇ ಬೇಲಿಯೊಳಗೆ ಏಳು ದೇಶದ ಏಳು ತೋಟ. ಪ್ರತಿಯೊಂದಕ್ಕೂ ಬೇರೆ ಗೋಡೆ, ಬೇರೆ ಬಾಗಿಲು, ಬೇರೆ ಮಣ್ಣು. ಒಂದು ಬಾಗಿಲು ದಾಟಿದರೆ ಪರ್ಷಿಯಾ, ಇನ್ನೊಂದು ದಾಟಿದರೆ ಚೀನಾ. ಬಸ್ಸಿನ ಖರ್ಚಿನಲ್ಲಿ ಭೂಮಿ ಸುತ್ತಿ ಊಟದ ಹೊತ್ತಿಗೆ ಮನೆಗೆ ಬರಬಹುದು! ಅಲ್ಲಿ ಬಂದವರಿಗೆ ತೋಟ ತೋರಿಸಿ ವಿವರ ಹೇಳಲು ಊರಿನವರೇ ಕೆಲವರಿದ್ದರು. ಅವರನ್ನು ಮಾರ್ಗದರ್ಶಕರು ಎನ್ನುತ್ತಿದ್ದರು. ಎದೆಯ ಮೇಲೆ ಹಸಿರು ಬ್ಯಾಡ್ಜು, ಅದರಲ್ಲಿ ಅವರವರ ಸ್ವಂತ ಹೆಸರು. ಆ ಬ್ಯಾಡ್ಜಿನ ಮೇಲೆ ಮೇಸ್ತ್ರಮ್ಮನ ಕಣ್ಣು ಬಿದ್ದಿತ್ತು.

ಹುಟ್ಟಿದಾಗ ಇಟ್ಟ ಹೆಸರೊಂದು ಅವರಿಗಿತ್ತು. ಆದರೆ ಮದುವೆಯಾದ ಮೇಲೆ ಅದನ್ನು ಕರೆದವರು ಯಾರೂ ಇಲ್ಲ. ಓದಿದ್ದು ಮೂರನೇ ತರಗತಿ. ದೊಡ್ಡ ಅಕ್ಷರವಾದರೆ ಕೂಡಿಸಿಕೊಂಡು ಓದುತ್ತಾರೆ, ಸಣ್ಣ ಅಕ್ಷರವಾದರೆ ಕನ್ನಡಕದ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಒಮ್ಮೆ ಕಿವಿಗೆ ಬಿದ್ದ ಮಾತು ಅವರ ತಲೆಯಿಂದ ಆಚೆ ಹೋದ ದಾಖಲೆಯೇ ಇಲ್ಲ. ಹಾಗಾಗಿ ತಿಂಗಳ ಪಾಸು ಮಾಡಿಸಿಕೊಂಡು, ದಿನವೂ ತೋಟಕ್ಕೆ ಹೋಗಿ, ಬೇರೆ ಮಾರ್ಗದರ್ಶಕರ ಹಿಂದೆ ಬಾಲದಂತೆ ಸುತ್ತಿ, ಏಳೂ ತೋಟದ ಕಥೆಯನ್ನು ಕಿವಿಯಿಂದಲೇ ಕಲಿತರು. ಮನೆಯಲ್ಲಿ ಬಟ್ಟೆ ಒಗೆಯುತ್ತ ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಮೇಸ್ತ್ರಿ ಅದನ್ನು ತನಗೇ ಬೈಯುತ್ತಿದ್ದಾಳೆ ಎಂದುಕೊಂಡು ನಾಲ್ಕು ವಾರ ಮೆಲ್ಲನೆ ಹೊರಗೆ ಜಾರಿಕೊಂಡರು. ಇದರಿಂದಾಗಿ ಹೆಂಡತಿ ಏನು ಕಲಿತಿದ್ದಾಳೆ ಎಂಬುದರ ಒಂದು ಅಕ್ಷರವೂ ಅವರಿಗೆ ಗೊತ್ತಿರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಇಂದು ಪರೀಕ್ಷೆ. ಒಂದು ಗುಂಪನ್ನು ಏಳೂ ತೋಟ ಸುತ್ತಿಸಬೇಕು. ತೋಟದ ಮುಖ್ಯಸ್ಥೆ ಪುಸ್ತಕ ಹಿಡಿದು ಹಿಂದೆ ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಬ್ಯಾಡ್ಜು, ಇಲ್ಲದಿದ್ದರೆ ಇನ್ನು ಬರುವ ವರ್ಷ. ಅರವತ್ತನಾಲ್ಕು ದಾಟಿದವರಿಗೆ ಬರುವ ವರ್ಷ ಎಂಬ ಮಾತು ಎಷ್ಟು ದೂರದ್ದೆಂದು ಅಷ್ಟು ವಯಸ್ಸಾದವರಿಗೇ ಗೊತ್ತು.

"ನೀವು ಬರಲೇಬೇಕಾ?" ಎಂದು ಬಸ್ಸಿನಲ್ಲಿ ಮೇಸ್ತ್ರಮ್ಮ ಇನ್ನೊಮ್ಮೆ ಕೇಳಿದರು.

"ನಿನಗೆ ಧೈರ್ಯಕ್ಕೆ ಅಂತ ಬರ್ತಿರೋದು ಕಣೇ."

"ನನಗೆ ಧೈರ್ಯ ಇದೆ. ಭಯ ಇರೋದು ನಿಮ್ಮ ಕೈದು. ಇಪ್ಪತ್ತು ಹೆಜ್ಜೆ ದೂರ ಇರಬೇಕು, ತಿಳೀತಾ? ಯಾರೋ ಹೊರಗಿನವರ ಹಾಗೆ. ನನ್ನ ಗಂಡ ಅಂತ ಯಾರಿಗೂ ಗೊತ್ತಾಗಬಾರದು."

"ಇಷ್ಟು ವರ್ಷ ಆದಮೇಲೆ ಈ ಮಾತಾ," ಎಂದು ಮೇಸ್ತ್ರಿ ಕಿಟಕಿಯ ಕಡೆ ತಿರುಗಿ ಕುಳಿತರು.

ಮೇಸ್ತ್ರಮ್ಮನ ಪಾಲಿಗೆ ಬಂದ ಗುಂಪು ಹನ್ನೆರಡು ಮಂದಿ ನರ್ಸುಗಳು. ಆಸ್ಪತ್ರೆಯವರು ವರ್ಷಕ್ಕೊಮ್ಮೆ ಕೊಡುವ ಪ್ರವಾಸಕ್ಕೆ ಬಂದವರು. ಬಿಳಿ ಬಟ್ಟೆ ಬಿಟ್ಟು ಬಣ್ಣ ಬಣ್ಣದ ಬಟ್ಟೆ ಹಾಕಿಕೊಂಡಿದ್ದ ಖುಷಿಗೋ ಏನೋ ಎಲ್ಲದಕ್ಕೂ ನಗುತ್ತಿದ್ದರು. ಅವರ ನಾಯಕಿ ಒಬ್ಬ ಹೆಡ್ ನರ್ಸು. ಆಕೆ ಮಾತ್ರ ಗಿಡಗಳನ್ನೂ ರೋಗಿಗಳನ್ನು ನೋಡುವಂತೆ ತಲೆಯಿಂದ ಕಾಲಿನ ತನಕ ನೋಡುತ್ತಿದ್ದರು. ಎಲ್ಲರ ಹಿಂದೆ ಮುಖ್ಯಸ್ಥೆ. ಎತ್ತರದ, ಕಡಿಮೆ ಮಾತಿನ ಹೆಂಗಸು, ಮೊಣಕಾಲಿನ ತನಕ ಬೂಟು, ಉಗುರಿನಲ್ಲಿ ಮಣ್ಣು. ಅವರ ಹಿಂದೆ, ಎಣಿಸಿ ಇಪ್ಪತ್ತು ಹೆಜ್ಜೆ ಬಿಟ್ಟು, ಹೊರಗಿನವರಾದ ನಮ್ಮ ಮೇಸ್ತ್ರಿ.

ಮೊದಲನೆಯದು ಪರ್ಷಿಯಾದ ತೋಟ. ಎತ್ತರದ ಮಣ್ಣು ಬಣ್ಣದ ಗೋಡೆ. ಒಳಗೆ ಹೋದರೆ ಹೊರಗಿನ ಬಿಸಿಲು ಅಲ್ಲೇ ನಿಂತುಬಿಡುತ್ತದೆ. ಇಡೀ ತೋಟವನ್ನು ನಾಲ್ಕು ಪಾಲು ಮಾಡಿ ನಡುವೆ ನಾಲ್ಕು ಕಾಲುವೆ ಹರಿಸಿದ್ದರು. ಒಂದು ಗೇಣು ಅಗಲ, ನೀಲಿ ಹೆಂಚಿನ ತಳ, ನೀರು ಹರಿಯುತ್ತಿದೆಯೋ ನಿಂತಿದೆಯೋ ಎಂದು ಸಂಶಯ ಬರುವಷ್ಟು ಮೆತ್ತಗಿನ ಓಟ. ಮೇಸ್ತ್ರಿ ಸುತ್ತಮುತ್ತ ನೋಡಿ, ಯಾರೂ ಕಾಣದಾಗ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ, ಒಂದು ಕಣ್ಣು ಮುಚ್ಚಿ ಕಾಲುವೆಯ ಮಟ್ಟ ನೋಡಿದರು. ಈ ತುದಿಯಿಂದ ಆ ತುದಿಗೆ ಇಳಿಜಾರು ಒಂದು ಬೆರಳಷ್ಟೂ ಇಲ್ಲ! ಮೋಟಾರಿಲ್ಲ, ಸದ್ದಿಲ್ಲ. ನೀರಿಗೆ ತಾನು ಇಳಿಯುತ್ತಿದ್ದೇನೆ ಎಂಬುದೇ ತಿಳಿಯದ ಹಾಗೆ ಇಳಿಸಿದ್ದಾರೆ. ಇದನ್ನು ಮಾಡಿದವನ ಕೈ ಸಿಕ್ಕರೆ ಕಣ್ಣಿಗೊತ್ತಿಕೊಳ್ಳಬೇಕು ಎನ್ನಿಸಿತು ಮೇಸ್ತ್ರಿಗೆ.

ಆಗ ಹೆಂಡತಿಯ ದನಿ ಕೇಳಿಸಿತು. ಮರಳುಗಾಡಿನ ಜನ ಸ್ವರ್ಗ ಎಂದರೆ ಇಂಥದ್ದೇ ಎಂದುಕೊಂಡರು, ನೀರು, ನೆರಳು, ಸುತ್ತ ಒಂದು ಗೋಡೆ, ಅಷ್ಟೇ ಸಾಕು ಎಂದುಕೊಂಡರು ಎಂದು ಆಕೆ ಹೇಳುತ್ತಿದ್ದರು. ದನಿಯಲ್ಲಿ ಒಂದು ಚೂರು ನಡುಕವಿಲ್ಲ. ನರ್ಸುಗಳು ನಗು ನಿಲ್ಲಿಸಿ ಕೇಳುತ್ತಿದ್ದರು. ಮೇಸ್ತ್ರಿ ಮಲಗಿದ್ದಲ್ಲಿಂದಲೇ ಬಾಯಿ ಬಿಟ್ಟುಕೊಂಡು ಕೇಳಿದರು. ಈ ಹೆಂಗಸು ಯಾರು? ತನಗೆ ಇಷ್ಟು ವರ್ಷ ಅನ್ನ ಹಾಕಿದವಳೇ?

ಚೀನಾದ ತೋಟದಲ್ಲಿ ಚಂದ್ರನ ಹಾಗೆ ದುಂಡಗಿನ ಬಾಗಿಲು. ಮೆಕ್ಸಿಕೋದ ತೋಟದಲ್ಲಿ ಆಳೆತ್ತರದ ಕಳ್ಳಿಗಿಡಗಳು ಸಿಪಾಯಿಗಳ ಹಾಗೆ ನಿಂತಿದ್ದವು. ಪಶ್ಚಿಮ ಆಫ್ರಿಕಾದ ಅಂಗಳದಲ್ಲಿ ಮಣ್ಣಿನ ಗೋಡೆಯ ಮೇಲೆ ಹೆಂಗಸರು ಕೈಬೆರಳಿನಿಂದ ಬರೆದ ಚಿತ್ರ. ಇಂಗ್ಲೆಂಡಿನ ತೋಟದಲ್ಲಿ ಹೂವು, ಸೊಪ್ಪು, ಬಳ್ಳಿ ಎಲ್ಲ ಒಂದರ ಮೈಮೇಲೆ ಒಂದು ಬಿದ್ದು, ಹಬ್ಬಕ್ಕೆ ಬಂದ ನೆಂಟರ ಹಾಗೆ ಗಿಜಿಗುಟ್ಟುತ್ತಿತ್ತು. ಮೇಸ್ತ್ರಮ್ಮ ಐದನ್ನೂ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದರು. ಮುಖ್ಯಸ್ಥೆ ಪುಸ್ತಕದಲ್ಲಿ ಏನೋ ಬರೆದುಕೊಂಡರು, ಒಮ್ಮೆ ಮುಗುಳ್ನಕ್ಕರು. ಅದನ್ನು ಕಂಡು ಮೇಸ್ತ್ರಿಗೆ ಎದೆಯುಬ್ಬಿತು. ಇನ್ನೆರಡೇ ತೋಟ. ಇಂಗ್ಲೆಂಡಿನ ಹೂವುಗಳ ಹತ್ತಿರ ಗುಂಪು ಫೋಟೋ ತೆಗೆಯುತ್ತ ತಡಮಾಡಿತು. ಮೇಸ್ತ್ರಿ, ಸರಿ, ನಾನು ಮುಂದೆ ಹೋಗಿ ಒಳ್ಳೆಯ ಜಾಗ ಹಿಡಿದು ಕೂರುತ್ತೇನೆ ಎಂದು ಒಬ್ಬರೇ ಜಪಾನಿನ ತೋಟದೊಳಗೆ ಕಾಲಿಟ್ಟರು.

ಅಲ್ಲಿ ಹೂವೇ ಇಲ್ಲ. ಬಾಚಣಿಗೆಯಲ್ಲಿ ಬಾಚಿದ ಹಾಗೆ ಗೆರೆ ಎಳೆದ ಬಿಳಿ ಮರಳು, ನಡುವೆ ನಾಲ್ಕೈದು ಕಲ್ಲು, ಪಾಚಿ, ಮೌನ. ಎಂಥ ಮೌನ ಎಂದರೆ ಮೇಸ್ತ್ರಿ ತಮ್ಮ ಬೂಟಿನ ಸದ್ದಿಗೇ ನಾಚಿ ತುದಿಗಾಲಲ್ಲಿ ನಡೆದರು. ಒಂದು ಕಲ್ಲುಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಆಹಾ!

ಟಕ್.

ಮೇಸ್ತ್ರಿಯ ಒಂದು ಕಣ್ಣು ತೆರೆಯಿತು. ಪೈಪಿನ ಕೆಲಸದವರಿಗೆ ಈ ಟಕ್ ಎಂಬ ಸದ್ದು ಎಂಥದ್ದು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಪೈಪಿನೊಳಗೆ ನೀರು ಗುದ್ದುವ ಸದ್ದದು. ಇಂದು ಟಕ್ ಎಂದರೆ ನಾಳೆ ಜಾಯಿಂಟು ಬಿಟ್ಟಿತು, ನಾಡಿದ್ದು ಗೋಡೆ ಒದ್ದೆ. ಮೇಸ್ತ್ರಿ ಪ್ರತಿಜ್ಞೆಯನ್ನು ನೆನೆದು ಕಣ್ಣು ಬಿಗಿಯಾಗಿ ಮುಚ್ಚಿದರು.

ಟಕ್.

ಎದ್ದು ಹೋಗಿ ಬರೀ ನೋಡೋಣ, ಮುಟ್ಟುವುದು ಬೇಡ ಎಂದುಕೊಂಡರು. ಹೋಗಿ ನೋಡಿದರೆ ಏನು ಹೇಳಲಿ! ಬಿದಿರಿನ ಪೈಪೊಂದು ಹಿಡಿತ ಬಿಟ್ಟು ಒಂದೇ ಕಡ್ಡಿಯ ಮೇಲೆ ತೂಗಾಡುತ್ತಿದೆ. ಮೇಲಿನಿಂದ ನೀರು ಅದರೊಳಗೆ ಬೀಳುತ್ತದೆ, ಭಾರಕ್ಕೆ ಪೈಪು ಮಗುಚಿ ನೀರೆಲ್ಲ ಹೊರಗೆ ಚೆಲ್ಲುತ್ತದೆ, ಹಿಂದಕ್ಕೆ ಬಿದ್ದು ಕಲ್ಲಿಗೆ ಬಡಿಯುತ್ತದೆ. ಇಷ್ಟು ದೊಡ್ಡ ತೋಟ ಕಟ್ಟಿದವರು ಒಂದು ಹಿಡಿಕೆ ಬಿಗಿಯಲು ಮರೆತರೇ? ಪಕ್ಕದಲ್ಲೇ ಒಂದು ಬೋರ್ಡು ಇತ್ತು, ನಿಜ. ಆದರೆ ಬೋರ್ಡು ಓದಿಕೊಂಡು ರಿಪೇರಿ ಮಾಡುವುದು ಮೇಸ್ತ್ರಿಯ ಜಾಯಮಾನದಲ್ಲೇ ಇಲ್ಲ.

ಇಲ್ಲಿ ಒಂದು ಮಾತು ಅವರ ಪರವಾಗಿ ಹೇಳಬೇಕು. ಆ ಹೊತ್ತಿನಲ್ಲಿ ಅವರಿಗೆ ನೆನಪಾದದ್ದು ಹೆಂಡತಿಯೇ. ಇನ್ನು ಐದು ನಿಮಿಷಕ್ಕೆ ಆಕೆ ಇಲ್ಲಿಗೆ ಬರುತ್ತಾಳೆ. ಇಷ್ಟು ಚೆನ್ನಾಗಿ ಮಾತಾಡಿಕೊಂಡು ಬಂದವಳು ಈ ಒಡಕು ಪೈಪಿನ ಮುಂದೆ ನಿಲ್ಲಬೇಕು, ಮುಖ್ಯಸ್ಥೆಯ ಮುಂದೆ ಮುಜುಗರವಾಗಬೇಕು. ಗಂಡನಾದವನು ಕೈಕಟ್ಟಿ ನೋಡುವುದೇ? ಮುಟ್ಟುವುದಿಲ್ಲ ಎಂದದ್ದು ನಲ್ಲಿಯನ್ನು. ಇದು ಬಿದಿರು!

ಉಪಕರಣ ಒಂದೂ ಇಲ್ಲ, ಎಲ್ಲ ಮನೆಯ ಮೇಜಿನ ಮೇಲಿದೆ. ಮೇಸ್ತ್ರಿ ಬಲಗಾಲಿನ ಬೂಟಿನ ಲೇಸು ಬಿಚ್ಚಿದರು. ಬಿದಿರನ್ನು ಮಟ್ಟಕ್ಕೆ ತಂದು, ಮೂರು ಸುತ್ತು ಸುತ್ತಿ, ತಮ್ಮದೇ ಆದ ಆ ಗಂಟು ಹಾಕಿದರು. ಅದು ಅವರ ಗುರುಗಳಿಂದ ಬಂದ ಗಂಟು. ಎಳೆದಷ್ಟೂ ಬಿಗಿಯುತ್ತದೆ. ಸದ್ದು ನಿಂತಿತು. ಎದ್ದು ನಿಂತಾಗ ಪೊದೆಯ ಹಿಂದೆ ಒಂದು ವಾಲ್ವು ಕಣ್ಣಿಗೆ ಬಿತ್ತು. ಅದು ಅರ್ಧ ತೆರೆದಿತ್ತು. ಅರ್ಧ! ಮೇಸ್ತ್ರಿಯ ಮೈ ಉರಿಯಿತು. ವಾಲ್ವು ಎಂದರೆ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದಿಟ್ಟರೆ ಒಳಗೆಲ್ಲ ಸವೆದು ಹಾಳಾಗುತ್ತದೆ. ನಲವತ್ತು ವರ್ಷ ಎಷ್ಟು ಕೆಲಸಗಾರರಿಗೆ ಇದನ್ನು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರೋ! ಚಕ್ರ ಹಿಡಿದು ಕೊನೆಯ ತನಕ ತಿರುಗಿಸಿ ಪೂರ್ತಿ ತೆರೆದರು. ಕೈ ಒರೆಸಿಕೊಂಡು, ಲೇಸಿಲ್ಲದ ಬೂಟನ್ನು ಪಟಪಟ ಬಡಿಯುತ್ತ ಬಂದು ಬೆಂಚಿನ ಮೇಲೆ, ಏನೂ ತಿಳಿಯದ ಮಗುವಿನಂತೆ ಕುಳಿತರು.

ಗುಂಪು ಬಂತು. ಮೇಸ್ತ್ರಮ್ಮ ಮರಳಿನ ಅಂಚಿನಲ್ಲಿ ನಿಂತು, ದನಿ ಇಳಿಸಿ, ಈ ತೋಟವನ್ನು ಕಣ್ಣಿನಿಂದ ನೋಡಿದರೆ ಅರ್ಧ ಮಾತ್ರ ಎಂದರು. ಉಳಿದ ಅರ್ಧ ಕಿವಿಯದು.

"ಎಲ್ಲರೂ ಕಣ್ಣು ಮುಚ್ಕೊಳ್ಳಿ. ಮಾತಾಡಬೇಡಿ. ಇಲ್ಲಿ ಒಂದು ಸದ್ದು ಬರುತ್ತೆ. ಅದು ಬಂದು ಹೋದಮೇಲೆ ಮೌನ ಇನ್ನೂ ದೊಡ್ಡದಾಗುತ್ತೆ. ಈ ತೋಟದ ಜೀವ ಇರೋದೇ ಆ ಸದ್ದಿನಲ್ಲಿ. ಕೇಳಿ."

ಹನ್ನೆರಡು ನರ್ಸುಗಳು ಕಣ್ಣು ಮುಚ್ಚಿದರು. ಮುಖ್ಯಸ್ಥೆಯೂ ಮುಚ್ಚಿದರು. ಬೆಂಚಿನ ಮೇಲಿದ್ದ ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ. ಅವರ ಕಣ್ಣು ಆಗತಾನೆ ತೆರೆದಿತ್ತು.

ಒಂದು ನಿಮಿಷವಾಯಿತು. ಒಂದು ಹಕ್ಕಿ ಕೂಗಿತು. ಅದೇನಾ ಎಂದು ಒಬ್ಬಳು ಪಿಸುಗುಟ್ಟಿದಳು, ಅಲ್ಲ ಸುಮ್ಮನಿರು ಎಂದು ಇನ್ನೊಬ್ಬಳು. ಎರಡು ನಿಮಿಷವಾಯಿತು. ಯಾರದೋ ಹೊಟ್ಟೆ ಗುಡುಗುಟ್ಟಿತು, ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು.

"ನನಗಂತೂ ಏನೂ ಕೇಳಿಸ್ತಿಲ್ಲಮ್ಮ," ಎಂದರು ಹೆಡ್ ನರ್ಸು ಕಣ್ಣು ಮುಚ್ಚಿಕೊಂಡೇ. "ಕಿವಿ ಡಾಕ್ಟರಿಗೆ ತೋರಿಸಬೇಕು ಅನ್ಸುತ್ತೆ."

ಮೇಸ್ತ್ರಮ್ಮನ ಮುಖ ಬಿಳಿಚಿತ್ತು. ಅವರು ಮೆಲ್ಲನೆ ಬಿದಿರಿನ ಕಡೆ ತಿರುಗಿದರು. ಲೇಸು ಕಂಡಿತು. ಗಂಟು ಕಂಡಿತು. ಅಲ್ಲಿಂದ ಅವರ ನೋಟ ನೆಲದ ಮೇಲೆ ಹರಿದು, ಬೆಂಚಿನ ತನಕ ಬಂದು, ಬಾಯಿ ಬಿಟ್ಟುಕೊಂಡಿದ್ದ ಒಂದು ಬೂಟಿನ ಮೇಲೆ ನಿಂತಿತು. ಮೇಸ್ತ್ರಿ ಆ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿದರು. ಭೂಮಿ ಬಾಯಿ ಬಿಟ್ಟರೆ ಒಳ್ಳೆಯದಿತ್ತು. ಆದರೆ ಅಷ್ಟು ಚೆನ್ನಾಗಿ ಬಾಚಿದ ಮರಳು ಯಾಕೆ ಬಾಯಿ ಬಿಡುತ್ತದೆ?

ಎಂಥವರಾದರೂ ಅಲ್ಲೇ ಕುಸಿಯುತ್ತಿದ್ದರು. ಮೇಸ್ತ್ರಮ್ಮ ಕುಸಿಯಲಿಲ್ಲ. ಎಲ್ಲರೂ ಕಣ್ಣು ತೆರೆದು ಹತ್ತಿರ ಬರಬಹುದು ಎಂದರು. ಯಾರೋ ಸಂದರ್ಶಕರು ಇದನ್ನು ಕಟ್ಟಿಹಾಕಿದ್ದಾರೆ, ಬಿಚ್ಚುತ್ತೇನೆ, ಬಿಚ್ಚುವಾಗಲೇ ಇದರ ಗುಟ್ಟು ಹೇಳುತ್ತೇನೆ ಎಂದರು. ಆ ಗಂಟನ್ನು ಲೋಕದಲ್ಲಿ ಇನ್ನೊಬ್ಬರು ಬಿಚ್ಚಲಾರರು. ಪರದೆಯ ಹಗ್ಗದಿಂದ ಹಿಡಿದು ಡಬ್ಬಿಯ ಮುಚ್ಚಳದವರೆಗೆ ಅದನ್ನು ಬಿಚ್ಚಿ ಬಿಚ್ಚಿ ಮೇಸ್ತ್ರಮ್ಮನ ಬೆರಳು ಪಳಗಿದ್ದವು. ಹಳೇ ಕಾಲದಲ್ಲಿ ಹೊಲಕ್ಕೆ ನುಗ್ಗುವ ಜಿಂಕೆ, ಹಂದಿಗಳನ್ನು ಬೆದರಿಸಲು ರೈತರು ಇದನ್ನು ಕಟ್ಟುತ್ತಿದ್ದರು, ಆಮೇಲೆ ಆ ಸದ್ದು ಇಷ್ಟವಾಗಿ ತೋಟದೊಳಗೆ ತಂದುಕೊಂಡರು ಎಂದು ಹೇಳುತ್ತ ಲೇಸು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಎಲ್ಲರೂ ಬಿದಿರನ್ನೇ ನೋಡಿದರು.

ಆದರೆ ನೀರು! ಮೇಲಿನಿಂದ ಬೀಳುತ್ತಿದ್ದದ್ದು ನೂಲಿನಷ್ಟು. ಏಕೆಂದು ಮೇಸ್ತ್ರಿಗೆ ಮಾತ್ರ ಹೊಳೆಯಿತು. ಪೊದೆಯ ಹಿಂದಿನ ವಾಲ್ವು ಬೇರೆ ಎಲ್ಲಿಗೋ ಹೋಗುವ ಪೈಪಿನದು, ನೀರೆಲ್ಲ ಆ ಕಡೆ ಓಡುತ್ತಿದೆ. ಎದ್ದು ಹೋಗಿ ಸರಿಮಾಡೋಣವೆಂದರೆ ಎಲ್ಲರೂ ಅಲ್ಲೇ ನಿಂತಿದ್ದಾರೆ. ಬಿದಿರು ತುಂಬಬೇಕಾದರೆ ಇನ್ನು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಇವಳು ಏನು ಮಾತಾಡುತ್ತಾಳೆ?

ಮೇಸ್ತ್ರಮ್ಮ ಬಿದಿರಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತರು. ಕಲಿತ ಪಾಠ ಮುಗಿದಿತ್ತು. ಅವರು ಪಾಠದಲ್ಲಿ ಇಲ್ಲದ್ದನ್ನು ಹೇಳತೊಡಗಿದರು. ನೀರಿಗೆ ಅವಸರವಿಲ್ಲ, ಅವಸರ ನಮಗೆ ಎಂದರು. ನೀರು ಯಾವಾಗಲೂ ತಗ್ಗನ್ನೇ ಹುಡುಕುತ್ತದೆ, ಅದಕ್ಕೆ ದಾರಿ ತೋರಿಸುವವನು ಅದಕ್ಕಿಂತ ತಾಳ್ಮೆಯವನಾಗಿರಬೇಕು, ಒಂದು ಬೆರಳು ಇಳಿಜಾರು ಹೆಚ್ಚಾದರೆ ಓಡಿಬಿಡುತ್ತದೆ, ಕಡಿಮೆಯಾದರೆ ನಿಂತು ನಾರುತ್ತದೆ ಎಂದರು. ಮೊದಲ ತೋಟದ ಕಾಲುವೆಗೂ ಈ ಬಿದಿರಿಗೂ ದೇಶ ಬೇರೆ, ಭಾಷೆ ಬೇರೆ, ಆದರೆ ನೀರನ್ನು ಅರ್ಥಮಾಡಿಕೊಂಡ ಕೈ ಒಂದೇ ಜಾತಿಯದು ಎಂದರು.

ಮೇಸ್ತ್ರಿ ಬೆಂಚಿನ ಮೇಲೆ ಕಲ್ಲಾಗಿ ಕುಳಿತರು. ಇದೆಲ್ಲ ಅವರದೇ ಮಾತು! ಊಟದ ಮುಂದೆ, ಕೈ ತೊಳೆಯುವಾಗ, ಬೂಟು ಬಿಚ್ಚುವಾಗ ಅವರು ಗೊಣಗಿದ್ದು. ಇವಳು ಕೇಳಿಸಿಕೊಳ್ಳುತ್ತಿಲ್ಲ ಎಂದೇ ಅವರು ತಿಳಿದಿದ್ದರು.

"ಇಷ್ಟೆಲ್ಲ ನಿಮಗೆ ಯಾರು ಹೇಳಿಕೊಟ್ಟಿದ್ದು?" ಎಂದು ಹೆಡ್ ನರ್ಸು ಕೇಳಿದರು.

"ನಮ್ಮನೆಯವರು ಪೈಪಿನ ಕೆಲಸದವರು."

"ಓಹೋ. ಹಾಗಾದರೆ ನಿಮ್ಮ ಮನೆ ನಲ್ಲಿ ಯಾವತ್ತೂ ಸೋರಲ್ಲ ಬಿಡಿ."

"ಅಡುಗೆಮನೇದು ಮೂರು ವರ್ಷದಿಂದ ಸೋರ್ತಾ ಇದೆ. ಊರವರದ್ದೆಲ್ಲ ಮುಗಿಸಿ ಬರ್ತೀನಿ ಅಂದಿದ್ದಾರೆ."

ನರ್ಸುಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆ ನಗು ಇಳಿಯುತ್ತಿರುವಾಗಲೇ ಬಿದಿರು ಮೆಲ್ಲನೆ ತಲೆ ಬಾಗಿಸಿತು, ನೀರು ಚೆಲ್ಲಿತು, ಹಿಂದಕ್ಕೆ ಬಿತ್ತು.

ಟಕ್.

ಕಾದು ಕಾದು ಬಂದ ಸದ್ದು ಅದು. ಯಾರೂ ಉಸಿರೆತ್ತಲಿಲ್ಲ. ಹೆಡ್ ನರ್ಸು ಎದೆಯ ಮೇಲೆ ಕೈಯಿಟ್ಟುಕೊಂಡರು. ಮುಖ್ಯಸ್ಥೆ ಬರೆಯುವುದನ್ನು ನಿಲ್ಲಿಸಿದ್ದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಮರುಗಳಿಗೆಯಲ್ಲೇ ಮತ್ತೆ ಹೋಯಿತು. ಆ ನೀರೆಲ್ಲ ಎಲ್ಲಿಗೆ ಓಡುತ್ತಿದೆ?

ಇಟಲಿಗೆ.

ಇಟಲಿಯ ತೋಟ ಕೊನೆಯದು. ಕತ್ತರಿಸಿ ಗೋಡೆ ಮಾಡಿದ ಗಿಡಗಳು, ಮೆಟ್ಟಿಲು, ಮೇಲೆ ಕಲ್ಲಿನ ಸಿಂಹದ ಮುಖ. ಅದರ ಬಾಯಿಂದ ನೀರು ಮಗುವಿನ ಜೊಲ್ಲಿನ ಹಾಗೆ ನಯವಾಗಿ ಇಳಿದು ಕೆಳಗಿನ ಬಟ್ಟಲಿಗೆ ಬೀಳಬೇಕು. ಅದಕ್ಕೆಂದೇ ಮುಖ್ಯಸ್ಥೆ ವಾಲ್ವನ್ನು ಅಳೆದು ಅರ್ಧಕ್ಕೆ ನಿಲ್ಲಿಸಿದ್ದರು. ಮೇಸ್ತ್ರಿ ಗುಂಪನ್ನು ಸುತ್ತು ಹಾಕಿ ಓಡಿ ಬಂದು ನೋಡಿದರೆ, ಸಿಂಹದ ಬಾಯಿಂದ ಏನೂ ಬರುತ್ತಿಲ್ಲ. ಒಳಗೆ ಗೊರಗೊರ ಸದ್ದು ಮಾತ್ರ. ಗಾಳಿ ಸಿಕ್ಕಿಕೊಂಡಿದೆ! ಗಾಳಿ ಬಿಟ್ಟ ಗಳಿಗೆಯಲ್ಲಿ ಏನಾಗುತ್ತದೆಂದು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಲ್ಲಿ ನಿಲ್ಲಬೇಡಿ ಎಂದು ಕೈ ಬೀಸಿದರು. ಆದರೆ ಅವರು ಹೊರಗಿನವರು. ಯಾರೋ ಪಾಪ ಎಂದು ನರ್ಸುಗಳು ತಿರುಗಿ ಕೈ ಬೀಸಿದರು. ಸರಿಯಾಗಿ ಸಿಂಹದ ಎದುರಿಗೆ ಎರಡು ಸಾಲಾಗಿ ನಿಂತರು, ನಡುವೆ ಮುಖ್ಯಸ್ಥೆ.

ಸಿಂಹ ಒಮ್ಮೆ ಕೆಮ್ಮಿತು. ಆಮೇಲೆ ಉಗುಳಿತು.

ಬಟ್ಟಲನ್ನು ದಾಟಿ, ಮೆಟ್ಟಿಲನ್ನು ದಾಟಿ, ಬೆಂಕಿ ಆರಿಸುವವರ ಪೈಪಿನ ಹಾಗೆ ಬಂದ ನೀರು ಮೊದಲ ಸಾಲನ್ನೂ ಎರಡನೆಯ ಸಾಲನ್ನೂ ಮುಖ್ಯಸ್ಥೆಯ ಪುಸ್ತಕವನ್ನೂ ಒಂದೇ ಸಲಕ್ಕೆ ತೋಯಿಸಿತು. ಮೇಸ್ತ್ರಮ್ಮ ಮಾತ್ರ ಪಕ್ಕದಲ್ಲಿದ್ದುದರಿಂದ ಉಳಿದರು. ಕಿರುಚಾಟ ನಿಲ್ಲುವ ತನಕ ಅವರು ಕಾದರು. ನಿಂತ ಮೇಲೆ, ಇದೂ ಕಾರ್ಯಕ್ರಮದ ಪಟ್ಟಿಯಲ್ಲೇ ಇತ್ತೋ ಎಂಬಂಥ ದನಿಯಲ್ಲಿ ಹೇಳಿದರು:

"ಇಟಲಿಯ ಹಳೇ ಕಾಲದ ಶ್ರೀಮಂತರು ತೋಟದಲ್ಲಿ ಇಂಥ ಕಳ್ಳ ನೀರು ಇಡ್ತಿದ್ರು. ಅತಿಥಿಗಳು ಬಂದು ನಿಂತಾಗ ಗೊತ್ತಿಲ್ಲದ ಹಾಗೆ ಮೈಮೇಲೆ ಹಾರಿಸಿ ನಗೋರು. ರಾಜರನ್ನೂ ಬಿಡ್ತಿರಲಿಲ್ವಂತೆ. ಇವತ್ತು ನಿಮಗೂ ಆ ಮರ್ಯಾದೆ ಸಿಕ್ಕಿದೆ."

ಇದು ಸುಳ್ಳಲ್ಲ. ಎರಡು ವಾರದ ಹಿಂದೆ ಬೇರೊಬ್ಬ ಮಾರ್ಗದರ್ಶಕರು ಹೇಳಿದ್ದು ಅವರ ಕಿವಿಯಲ್ಲಿ ಉಳಿದಿತ್ತು. ಹೆಡ್ ನರ್ಸು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತ, ಚಪ್ಪಾಳೆ ಹೊಡೆದರು. ಉಳಿದ ಹನ್ನೊಂದು ಮಂದಿಯೂ ಹೊಡೆದರು. ಇಬ್ಬರು ಇನ್ನೊಮ್ಮೆ ಎಂದು ಸಿಂಹದ ಮುಂದೆ ಹೋಗಿ ನಿಂತರು.

ಮುಖ್ಯಸ್ಥೆ ಮಾತ್ರ ನಗಲಿಲ್ಲ. ಒದ್ದೆ ಪುಸ್ತಕದ ಹಾಳೆ ಬಿಡಿಸುತ್ತ, ಆ ವಾಲ್ವನ್ನು ಯಾರು ತೆರೆದರು ಎಂದು ಕೇಳಿದರು. ಮೇಸ್ತ್ರಮ್ಮ ನೆಲ ನೋಡಿದರು. ಆಕೆ ಹೇಳುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತು. ಹೇಳದೆ ಇದ್ದರೆ ಬ್ಯಾಡ್ಜು ಹೋಗುತ್ತದೆ ಎಂದೂ ಗೊತ್ತು. ಬಾಳಿನಲ್ಲಿ ಮೊದಲ ಸಲ ಅವರು ತನ್ನ ರಿಪೇರಿಯೊಂದು ತಪ್ಪು ಎಂದು ಹತ್ತು ಜನರ ಮುಂದೆ ಹೇಳಲು ಮುಂದೆ ಬಂದರು. ಒಂದು ಬೂಟು ಪಟಪಟ ಎನ್ನುತ್ತಿತ್ತು.

"ನಾನು ತೆರೆದಿದ್ದು, ತಾಯಿ. ಬಿದಿರು ಕಟ್ಟಿದ್ದೂ ನಾನೇ. ಇವಳದ್ದು ಒಂದು ಚೂರೂ ತಪ್ಪಿಲ್ಲ. ಇವಳು ನನ್ನ ಹೆಂಡತಿ ಆಗಿರೋದು ಬಿಟ್ಟರೆ."

"ವಾಲ್ವು ಅರ್ಧ ತೆರೆದಿದೆ ಅಂದ್ರೆ ಯಾರೋ ಬೇಕು ಅಂತಲೇ ಇಟ್ಟಿರಬಹುದು ಅಂತ ನಿಮಗೆ ಅನ್ನಿಸಲಿಲ್ವಾ?"

"ನಲವತ್ತು ವರ್ಷದಲ್ಲಿ ಒಂದು ಸಲಾನೂ ಅನ್ನಿಸಿಲ್ಲ," ಎಂದು ಮೇಸ್ತ್ರಿ ಪ್ರಾಮಾಣಿಕವಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿ, ಆ ಪರ್ಷಿಯಾದ ಕಾಲುವೆಯ ಮಟ್ಟ ಹಿಡಿದವರು ಯಾರು ಎಂದು ಕೇಳಿದರು. ತಾನೇ ಎಂದರು ಮುಖ್ಯಸ್ಥೆ. ಮೇಸ್ತ್ರಿ ಆ ಮಣ್ಣು ಮೆತ್ತಿದ ಕೈಗಳಿಗೆ ತಲೆಬಾಗಿ ನಮಸ್ಕಾರ ಮಾಡಿದರು. ಅದು ಕ್ಷಮೆ ಕೇಳಿದ್ದಲ್ಲ, ಒಬ್ಬ ಕೆಲಸಗಾರ ಇನ್ನೊಬ್ಬರಿಗೆ ಸೋತದ್ದು. ಮುಖ್ಯಸ್ಥೆಯ ತುಟಿ ಸ್ವಲ್ಪ ಸಡಿಲವಾಯಿತು.

ಅವರು ಮೇಸ್ತ್ರಮ್ಮನ ಕಡೆ ತಿರುಗಿದರು. ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಬಾಕಿಯಿದೆ ಎಂದರು. ಸಂದರ್ಶಕರು ತೋಟದ ವಸ್ತುಗಳನ್ನು ಮುಟ್ಟಿದರೆ ಮಾರ್ಗದರ್ಶಕರು ಏನು ಮಾಡಬೇಕು?

"ಮೊದಲು ನಯವಾಗಿ ಹೇಳಬೇಕು," ಎಂದರು ಮೇಸ್ತ್ರಮ್ಮ ಒಪ್ಪಿಸುವಂತೆ. "ಕೇಳದಿದ್ರೆ, ಬಾಗಿಲ ತನಕ ಕರ್ಕೊಂಡು ಹೋಗಿ ಹೊರಗೆ ಬಿಟ್ಟು ಬರಬೇಕು."

"ನಯವಾಗಿ ಹೇಳಿದ್ದಾಯ್ತಾ?"

"ನಲವತ್ತೆರಡು ವರ್ಷದಿಂದ ಹೇಳ್ತಾ ಇದೀನಿ."

"ಹಾಗಾದ್ರೆ ಇನ್ನು ಎರಡನೇದು," ಎಂದು ಮುಖ್ಯಸ್ಥೆ ಜೇಬಿನಿಂದ ಹಸಿರು ಬ್ಯಾಡ್ಜು ತೆಗೆದು ಮೇಸ್ತ್ರಮ್ಮನ ಎದೆಗೆ ಸಿಕ್ಕಿಸಿದರು. ಅದರ ಮೇಲೆ ಅವರ ಹೆಸರು ಆಗಲೇ ಬರೆದಾಗಿತ್ತು. ನರ್ಸುಗಳು ಅದನ್ನು ಗಟ್ಟಿಯಾಗಿ ಓದಿ ಕೂಗಿದರು.

ಮೇಸ್ತ್ರಮ್ಮ ಬ್ಯಾಡ್ಜನ್ನು ಒಮ್ಮೆ ಬೆರಳಿನಿಂದ ಸವರಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಯಜಮಾನರೇ, ದಯವಿಟ್ಟು ಈ ಕಡೆ ಬನ್ನಿ," ಎಂದರು.

ಜಪಾನು, ಇಂಗ್ಲೆಂಡು, ಆಫ್ರಿಕಾ, ಮೆಕ್ಸಿಕೋ, ಚೀನಾ, ಪರ್ಷಿಯಾ, ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ದಾಟಿಸಿಕೊಂಡು ಅವರು ಗಂಡನನ್ನು ಗೇಟಿಗೆ ಕರೆತಂದರು. ದಾರಿಯುದ್ದಕ್ಕೂ ಮೇಸ್ತ್ರಿ ತಲೆ ತಗ್ಗಿಸಿದ್ದರು. ಆದರೆ ಓರೆಗಣ್ಣಿನಲ್ಲಿ ಆ ಬ್ಯಾಡ್ಜನ್ನು ಹತ್ತು ಸಲವಾದರೂ ನೋಡಿರಬೇಕು. ಗೇಟಿನ ಹೊರಗೆ ಕಾಲಿಟ್ಟ ಮೇಲೆ ನೆನಪಾಯಿತು.

"ಮನೆ ಬೀಗದ ಕೈ ನಿನ್ನ ಚೀಲದಲ್ಲಿದೆಯಲ್ಲೇ."

"ಸಂದರ್ಶಕರ ಸಾಮಾನಿಗೆ ತೋಟದವರು ಜವಾಬ್ದಾರರಲ್ಲ," ಎಂದು ಮೇಸ್ತ್ರಮ್ಮ ನಯವಾಗಿ ಹೇಳಿ ಒಳಗೆ ಹೋದರು.

ಮೇಸ್ತ್ರಿ ಟಿಕೆಟ್ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಅವರ ವಯಸ್ಸಿನವರೇ ಒಬ್ಬರು ಬಂದು, ಒಳಗೆ ದುಡ್ಡು ಕೊಟ್ಟು ನೋಡುವಂಥದ್ದು ಏನಾದರೂ ಇದೆಯೇ ಎಂದು ವಿಚಾರಿಸಿದರು. ಮೇಸ್ತ್ರಿ ಕಾಲುವೆಯನ್ನೂ ಬಿದಿರನ್ನೂ ಸಿಂಹವನ್ನೂ ಬಾಯಿ ತುಂಬ ಹೊಗಳಿದರು. ಆದರೆ ಒಬ್ಬರೇ ಸುತ್ತಬೇಡಿ, ಇಂದಿನಿಂದ ಒಬ್ಬ ಹೊಸ ಮಾರ್ಗದರ್ಶಕಿ ಬಂದಿದ್ದಾರೆ, ಕೇಳಿ ಅವರ ಗುಂಪಿಗೇ ಸೇರಿಕೊಳ್ಳಿ ಎಂದರು.

"ಅಷ್ಟು ಚೆನ್ನಾಗಿ ಹೇಳ್ತಾರಾ?"

"ಹೇಳೋದು ಹಾಗಿರಲಿ," ಎಂದರು ಮೇಸ್ತ್ರಿ. "ಹೊರಗೆ ಹಾಕೋದನ್ನೂ ಎಷ್ಟು ಮರ್ಯಾದೆಯಾಗಿ ಹಾಕ್ತಾರೆ ಅಂದ್ರೆ, ನಾಳೆ ಟಿಕೆಟ್ ತಗೊಂಡು ಬಂದು ಇನ್ನೊಂದು ಸಲ ಹಾಕಿಸ್ಕೊಳ್ಳೋಣ ಅನ್ನಿಸ್ತಾ ಇದೆ."